ಗೆಳೆಯನಿಗೊಂದು ಪತ್ರ: ಕೇಳಿದ್ದಕ್ಕೆ ಉತ್ತರ ಬರೆಯುವ ಬಗ್ಗೆ

ಪ್ರಿಯ ಮಂಜು,

ಕೇಂದ್ರದ ಯುಪಿಎಸ್‌ಸಿ, ರಾಜ್ಯದ ಕೆಎಎಸ್ ಅಂತ ಆಡಳಿತ ಸೇವೆಯ ಪರೀಕ್ಷೆಗಳಿಗೆ ತಯಾರಿಯಾಗಿ ನೀನು ಬರೆದು ಕಳಿಸಿದ ಉತ್ತರಗಳನ್ನೆಲ್ಲ ಓದಿದೆ. ಇಸವಿ ಸರಿ ಇವೆ, ಹೆಸರು ಸರಿ ಇವೆ, ಅಕ್ಷರವೂ ದುಂಡಗಿದೆ. ಆದರೂ ಮಾದರಿ ಪರೀಕ್ಷೆ ನಡೆಸುವ ಟೆಸ್ಟ್ ಸೀರೀಸ್‌ನವರು ಹದಿನೈದು ಅಂಕಕ್ಕೆ ಐದೋ ಆರೋ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದಾರೆ ಅಂತ ನಿನಗೆ ಬೇಜಾರು. ಇನ್ನೆರಡು ಪುಸ್ತಕ ಓದಲಾ ಅಂತ ಕೇಳಿದ್ದೀಯ. ಬೇಡ ಮಾರಾಯ. ಪುಸ್ತಕ ಓದಿದ್ದು ಸಾಕಾಗಿದೆ, ಪ್ರಶ್ನೆ ಓದಿದ್ದು ಸಾಲದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನಿನ್ನ ಪ್ರಶ್ನೆಗೂ ಉತ್ತರಕ್ಕೂ ಇರುವ ಸಂಬಂಧ ಸದ್ಯಕ್ಕೆ ಅಂಥದ್ದು.

ಆ ಮೈಸೂರಿನ ಪ್ರಶ್ನೆಯನ್ನೇ ತಗೋ. "1881ರಿಂದ 1941ರವರೆಗಿನ ಅವಧಿಯಲ್ಲಿ ಮೈಸೂರು ಸಂಸ್ಥಾನದ ಆಧುನೀಕರಣದಲ್ಲಿ ದಿವಾನರ ಪಾತ್ರವನ್ನು ವಿಮರ್ಶಾತ್ಮಕವಾಗಿ ಪರಿಶೀಲಿಸಿ." ಇದಕ್ಕೆ ನೀನು ಬರೆದದ್ದು ರಂಗಾಚಾರ್ಲು, ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್, ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ, ಅದರಲ್ಲಿ ಅವರವರ ಸಾಧನೆ. ಕೊನೆಗೆ "ಹೀಗೆ ದಿವಾನರ ಕೊಡುಗೆ ಅಪಾರ". "ಮೈಸೂರಿನ ದಿವಾನರ ಬಗ್ಗೆ ಟಿಪ್ಪಣಿ ಬರೆಯಿರಿ" ಅಂತ ಕೇಳಿದ್ದರೆ ಇದು ಒಳ್ಳೆಯ ಉತ್ತರವೇ. ಕೇಳಿದ್ದು ಅದಲ್ಲ.

ಪ್ರಶ್ನೆ ಕೈಗೆ ಬಂದ ಕೂಡಲೇ ನಾಲ್ಕು ಸಂಗತಿ ಹುಡುಕು. ವಿಷಯ ಯಾವುದು? ಮೈಸೂರಿನ ಆಧುನೀಕರಣ. ಯಾವ ಕೋನದಿಂದ ನೋಡಬೇಕು? ದಿವಾನರ ಪಾತ್ರ. ಗಡಿ ಎಲ್ಲಿದೆ? 1881ರಿಂದ 1941, ಅಂದರೆ ಒಡೆಯರಿಗೆ ಆಡಳಿತ ಮರಳಿದಲ್ಲಿಂದ ಮಿರ್ಜಾ ಅಧಿಕಾರ ಬಿಡುವವರೆಗೆ. ಮಾಡಬೇಕಾದ ಕೆಲಸ ಏನು? ವಿಮರ್ಶಾತ್ಮಕವಾಗಿ ಪರಿಶೀಲಿಸುವುದು. ಕೆಲಸ ಹೇಳುವ ಪದಕ್ಕೆ ಸುತ್ತು ಹಾಕು, ಕೋನಕ್ಕೆ ಅಡಿಗೆರೆ ಎಳೆ, ಗಡಿಗೆ ಚೌಕ ಹಾಕು. ನೀನು ಮೊದಲ ಅರ್ಧ ಪುಟ ಬ್ರಿಟಿಷ್ ಕಮಿಷನರ್ ಕಬ್ಬನ್ ಆಡಳಿತಕ್ಕೆ ಕೊಟ್ಟಿದ್ದೀಯಲ್ಲ, ಚೌಕ ಹಾಕಿದ್ದರೆ ಅದು ಒಂದು ಸಾಲಿಗೆ ಇಳಿಯುತ್ತಿತ್ತು. ಕಬ್ಬನ್ ಇದ್ದದ್ದು 1834ರಿಂದ 1861. ಹಿನ್ನೆಲೆಗೆ ಸರಿ, ಉತ್ತರಕ್ಕೆ ಅಲ್ಲ.

ಇನ್ನು "ಪಾತ್ರ" ಅಂತ ಕೇಳಿದ ಮೇಲೆ ಆ ಒಬ್ಬರ ಪಾಲು ಎಷ್ಟು ಅಂತ ತೂಗಬೇಕಾಗುತ್ತದೆ. ತೂಗಬೇಕಾದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲೂ ಏನಾದರೂ ಇರಬೇಕಲ್ಲ. ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನ, ನಾಲ್ವಡಿ ಕೃಷ್ಣರಾಜ ಒಡೆಯರು, ಮೇಲೆ ಕೂತಿದ್ದ ಬ್ರಿಟಿಷ್ ಸರ್ಕಾರ, ಇವರು ನಿನ್ನ ಉತ್ತರದಲ್ಲಿ ಎಲ್ಲೂ ಇಲ್ಲ. ಒಂದೆರಡು ವಾಕ್ಯ ಸಾಕು, ಆದರೆ ಬೇಕು.

ಈಗ ಒಂದೇ ಸಂಗತಿ ಹಿಡಿದು, ಪ್ರಶ್ನೆಯ ಪದ ಬದಲಾದರೆ ಅದನ್ನು ಬರೆಯುವ ರೀತಿ ಹೇಗೆ ಬದಲಾಗುತ್ತದೆ ನೋಡು. ಶೇಷಾದ್ರಿ ಅಯ್ಯರ್ ಕೈಗೆತ್ತಿಕೊಂಡ ಶಿವನಸಮುದ್ರ ಜಲವಿದ್ಯುತ್ ಯೋಜನೆಯಿಂದ 1902ರಲ್ಲಿ ವಿದ್ಯುತ್ ಹರಿಯತೊಡಗಿತು. "ವಿವರಿಸಿ" ಅಂದಿದ್ದರೆ ಏಕೆ ಬೇಕಾಯಿತು, ಹೇಗೆ ಆಯಿತು, ಏನು ಬದಲಾಯಿತು, ಇಷ್ಟು ಬರೆದರೆ ಮುಗಿಯಿತು. "ವಿಮರ್ಶಾತ್ಮಕವಾಗಿ" ಅಂದಾಗ ಅದೇ ಸಂಗತಿಯ ಮಗ್ಗುಲು ಬದಲಿಸಬೇಕು: ಆ ವಿದ್ಯುತ್ ಮೊದಲು ಹೋದದ್ದು ಬ್ರಿಟಿಷ್ ಕಂಪನಿ ನಡೆಸುತ್ತಿದ್ದ ಕೋಲಾರದ ಚಿನ್ನದ ಗಣಿಗೆ, ಬೆಂಗಳೂರಿನ ಬೀದಿದೀಪಕ್ಕೆ ಬಂದದ್ದು 1905ರಲ್ಲಿ. ಹಾಗಾದರೆ ಈ ಆಧುನೀಕರಣ ಮೊದಲು ಯಾರಿಗೆ ಮುಟ್ಟಿತು? ಈ ಒಂದು ಪ್ರಶ್ನೆ ನಿನ್ನ ಉತ್ತರದೊಳಗೆ ಬಂದರೆ ಮೌಲ್ಯಮಾಪಕರು ಪೆನ್ನು ನಿಲ್ಲಿಸಿ ಓದುತ್ತಾರೆ.

ಪ್ರಜಾ ಪ್ರತಿನಿಧಿ ಸಭೆಯೂ ಹಾಗೇ. 1881ರಲ್ಲೇ ಶುರುವಾಯಿತು ಅನ್ನುವುದು ಹೆಮ್ಮೆಯ ಮಾತು. ಅದು ಅಹವಾಲು ಹೇಳಿಕೊಳ್ಳುವ ಸಭೆಯಾಗಿತ್ತು, ಶಾಸನದ ಬೆಂಬಲ ಸಿಕ್ಕಿದ್ದು 1923ರಲ್ಲಿ, ಅನ್ನುವುದು ವಿಮರ್ಶೆಯ ಮಾತು. ವಿಶ್ವೇಶ್ವರಯ್ಯನವರ ಕಾಲಕ್ಕೆ 1913ರ ಮೈಸೂರು ಬ್ಯಾಂಕು, 1916ರ ವಿಶ್ವವಿದ್ಯಾನಿಲಯ ಬರೆದಿದ್ದೀಯ. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಸಿಗುತ್ತಿಲ್ಲ ಅನ್ನುವ ಕೂಗಿನಿಂದ 1918ರಲ್ಲಿ ಮಿಲ್ಲರ್ ಸಮಿತಿ ಬಂದದ್ದು, ಅದೇ ವರ್ಷ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದು ಬರೆದಿಲ್ಲ. ಮಿರ್ಜಾ ಕಾಲದ ಕೈಗಾರಿಕೆ ಬರೆದಿದ್ದೀಯ. ಅವರು ದಿವಾನರಾಗಿದ್ದಾಗಲೇ 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗೋಲಿಬಾರ್ ನಡೆದದ್ದು ಬರೆದಿಲ್ಲ. ಇವೆಲ್ಲ ನಿನಗೆ ಗೊತ್ತಿರುವ ವಿಷಯಗಳೇ, ನಿನ್ನ ನೋಟ್ಸ್‌ನಲ್ಲಿ ಬೇರೆ ಬೇರೆ ಅಧ್ಯಾಯದಲ್ಲಿ ಕೂತಿವೆ. ಪ್ರಶ್ನೆಯ ಪದವನ್ನು ಸರಿಯಾಗಿ ಓದದೆ ಇದ್ದದ್ದರಿಂದ ಅವು ಹೊರಗೆ ಬರಲಿಲ್ಲ.

250 ಪದದ ಲೆಕ್ಕ ಹೀಗಿಟ್ಟುಕೋ: ಶುರುವಿಗೆ 30, ಪರವಾದದ್ದಕ್ಕೆ 100, ಮಿತಿಗಳಿಗೆ 80, ತೀರ್ಮಾನಕ್ಕೆ 40. ನಿನ್ನದರಲ್ಲಿ ಸಾಧನೆಗೇ 230 ಪದ ಹೋಗಿತ್ತು. ತೀರ್ಮಾನ ಅಂದರೆ "ಕೊಡುಗೆ ಅಪಾರ" ಅಲ್ಲ, ಒಂದು ನಿಲುವು. ಹೀಗೆ ಬರೆಯಬಹುದು: "ಆರ್ಥಿಕ ಮತ್ತು ತಾಂತ್ರಿಕ ಆಧುನೀಕರಣದಲ್ಲಿ ದಿವಾನರು ಮುಂದಾಳುಗಳಾಗಿದ್ದರು, ರಾಜಕೀಯ ಅಧಿಕಾರವನ್ನು ಜನರಿಗೆ ಹಂಚುವಲ್ಲಿ ಅವರು ಹಿಂಜರಿದರು, ಅಲ್ಲಿ ಒತ್ತಡ ಕೆಳಗಿನಿಂದ ಬಂತು." ಒಪ್ಪುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ನಿಲುವಿಗೆ ಮೇಲೆ ಕೊಟ್ಟ ಆಧಾರ ಸಾಕಾ ಅಂತ ಅವರು ನೋಡುತ್ತಾರೆ.

ಉಳಿದ ಪದಗಳ ವಿಚಾರಕ್ಕೆ ಬರುತ್ತೇನೆ. ಕೋಚಿಂಗ್ ಸೆಂಟರ್‌ಗಳಲ್ಲಿ ನಲವತ್ತು ಪದದ ಪಟ್ಟಿ ಕೊಡುತ್ತಾರೆ, ಅದನ್ನು ಬಾಯಿಪಾಠ ಮಾಡಬೇಡ. ಪಟ್ಟಿಯ ಅರ್ಧ ಪದಗಳು ಒಂದೇ ಕೆಲಸ ಹೇಳುತ್ತವೆ. ವಿವರಿಸಿ, ಸ್ಪಷ್ಟಪಡಿಸಿ, ನಿರೂಪಿಸಿ: ಇವಕ್ಕೆ ಹೇಗೆ ಮತ್ತು ಏಕೆ ಬೇಕು, ನಿನ್ನ ತೀರ್ಪು ಬೇಡ. ವಿಶ್ಲೇಷಿಸಿ ಅಂದರೆ ಬಿಡಿಸಿ ತೋರಿಸಿ, ಬಿಡಿಸಿದ ಭಾಗಗಳಿಗೆ ಒಂದಕ್ಕೊಂದು ಏನು ಸಂಬಂಧ ಅಂತಲೂ ಹೇಳು. ಮೊದಲರ್ಧ ಮಾಡಿ ಎರಡನೆಯದನ್ನು ಬಿಡುವವರೇ ಜಾಸ್ತಿ, ಆಗ ವಿಶ್ಲೇಷಣೆ ಬರೀ ಪಟ್ಟಿಯಾಗುತ್ತದೆ. ಚರ್ಚಿಸಿ ಅಂದಲ್ಲಿ ಒಂದಕ್ಕಿಂತ ಹೆಚ್ಚು ವಾದ ಬೇಕು.

ಸಮರ್ಥಿಸಿ ಅನ್ನುವುದು ಮೋಸದ ಪದ. ಅಲ್ಲಿ ಪಕ್ಷವನ್ನು ಅವರೇ ಆರಿಸಿ ಕೊಟ್ಟಿದ್ದಾರೆ, ನೀನು ಆ ಪಕ್ಷದ ವಕೀಲ. ಎದುರು ವಾದವನ್ನು ತರಬಹುದು, ಉತ್ತರಿಸಿ ಕಳಿಸುವುದಕ್ಕೆ ಮಾತ್ರ. ಎರಡೂ ಕಡೆ ಸಮ ಸಮ ಬರೆದು ನ್ಯಾಯಾಧೀಶನಾದರೆ ಅಂಕ ಹೋಯಿತು. "ನೀವು ಒಪ್ಪುವಿರಾ?" ಅಂದರೆ ಇದಕ್ಕೆ ತದ್ವಿರುದ್ಧ. ಅಲ್ಲಿ ನೀನೇ ಆರಿಸಬೇಕು, ಆರಿಸಿದ್ದನ್ನು ಮೊದಲ ಎರಡು ಸಾಲಿನಲ್ಲೇ ಹೇಳಬೇಕು. "ಎಷ್ಟರ ಮಟ್ಟಿಗೆ" ಅಂದರೆ ಹೌದು ಇಲ್ಲ ಎರಡೂ ಸಾಲದು, ಅಳತೆ ಬೇಕು: ಯಾವುದರಲ್ಲಿ ಪೂರ್ತಿ, ಯಾವುದರಲ್ಲಿ ಅರೆಬರೆ, ಯಾವುದರಲ್ಲಿ ಏನೂ ಇಲ್ಲ.

ಹೋಲಿಸಿ ಅಂದಾಗ ಮೊದಲ ಪುಟದಲ್ಲಿ ಒಂದು, ಎರಡನೆಯ ಪುಟದಲ್ಲಿ ಇನ್ನೊಂದು ಬರೆದು ಹೋಲಿಕೆಯನ್ನು ಓದುವವರ ತಲೆಗೆ ಬಿಡುವುದು ಹಳೆಯ ಚಾಳಿ. ಹೋಲಿಸುವ ಅಂಶ ಮೊದಲು ಬರಲಿ, ಅದರಡಿ ಎರಡೂ ಬರಲಿ. ಮೂರು ಅಂಶ ಸಾಕು.

ಇದಕ್ಕಿಂತ ಸೂಕ್ಷ್ಮವಾದದ್ದು ಪ್ರಶ್ನೆಯೊಳಗೆ ಅಡಗಿ ಕೂತಿರುವ ಹೇಳಿಕೆ. "ಕರ್ನಾಟಕ ಏಕೀಕರಣವು ಕೇವಲ ಸಾಹಿತಿಗಳ ಚಳವಳಿಯಾಗಿತ್ತೇ? ಚರ್ಚಿಸಿ" ಅನ್ನುವುದಕ್ಕೆ ನೀನು 1890ರ ಧಾರವಾಡದ ವಿದ್ಯಾವರ್ಧಕ ಸಂಘದಿಂದ 1956ರ ನವೆಂಬರ್ 1ರವರೆಗೆ ಇಡೀ ಕಥೆ ಹೇಳಿದ್ದೀಯ. ಪ್ರಶ್ನೆಯ ಜೀವ ಇರುವುದು "ಕೇವಲ" ಅನ್ನುವ ಪದದಲ್ಲಿ. ಸಾಹಿತಿಗಳ ಪಾಲು ದೊಡ್ಡದು ಅಂತ ಪ್ರಶ್ನೆಯೇ ಒಪ್ಪಿಕೊಂಡಿದೆ, ಧಾರವಾಡದ ಸಂಘ ಮತ್ತು 1915ರ ಸಾಹಿತ್ಯ ಪರಿಷತ್ತಿಗೆ ಒಂದು ಪ್ಯಾರಾ ಸಾಕು. ಉಳಿದ ಜಾಗ ಬೇರೆಯವರದು: 1920ರ ನಾಗಪುರ ಅಧಿವೇಶನದ ನಂತರ ಕಾಂಗ್ರೆಸ್ ಭಾಷೆಯ ಆಧಾರದ ಮೇಲೆ ಪ್ರಾಂತ ಸಮಿತಿ ಮಾಡಿಕೊಂಡದ್ದು, 1953ರಲ್ಲಿ ಏಕೀಕರಣಕ್ಕಾಗಿ ಅದರಗುಂಚಿ ಶಂಕರಗೌಡರ ಉಪವಾಸ ಮತ್ತು ಹುಬ್ಬಳ್ಳಿಯಲ್ಲಿ ಜನ ಬೀದಿಗಿಳಿದದ್ದು, ರಾಜ್ಯಗಳ ಪುನರ್ವಿಂಗಡಣೆಗೆ ಬಂದ ಫಜಲ್ ಅಲಿ ಆಯೋಗ. ಕೇವಲ, ಮುಖ್ಯವಾಗಿ, ಅನಿವಾರ್ಯ, ಏಕೈಕ, ಸಂಪೂರ್ಣ, ಇಂಥ ಪದ ಕಂಡರೆ ಅಲ್ಲೇ ನಿಲ್ಲು. ಹಾಗೆಯೇ "ವಿಫಲವಾಗಲು ಕಾರಣಗಳೇನು?" ಅನ್ನುವ ಪ್ರಶ್ನೆ ವಿಫಲವಾಯಿತು ಅಂತ ಮೊದಲೇ ತೀರ್ಮಾನಿಸಿಬಿಟ್ಟಿದೆ. ಆ ತೀರ್ಮಾನ ಸರಿ ಇಲ್ಲ ಅನ್ನಿಸಿದರೆ ಒಂದು ವಾಕ್ಯದಲ್ಲಿ ಹೇಳಿ, ಕಾರಣಗಳಿಗೆ ಹೋಗು. ಇಡೀ ಉತ್ತರವನ್ನು ಜಗಳಕ್ಕೆ ಕೊಡಬೇಡ.

ಎರಡು ಭಾಗದ ಪ್ರಶ್ನೆಗಳಲ್ಲಿ ಎರಡನೆಯ ಭಾಗವೇ ಸೊರಗುವುದು. "ಕಾರಣಗಳನ್ನು ವಿವರಿಸಿ, ಪರಿಹಾರ ಸೂಚಿಸಿ" ಅಂದರೆ "ಪರಿಹಾರ" ಅಂತ ಶೀರ್ಷಿಕೆ ಮೊದಲೇ ಬರೆದು ಜಾಗ ಕಾದಿರಿಸು.

ಭಾಷೆಯ ಗೊಂದಲ ಬೇರೆ ಇದೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ಸಾಮಾನ್ಯ ಅಧ್ಯಯನದ ಪ್ರಶ್ನೆಪತ್ರಿಕೆ ಹಿಂದಿ, ಇಂಗ್ಲಿಷ್‌ನಲ್ಲಿ ಮಾತ್ರ ಇರುತ್ತದೆ. ಕ್ರಿಟಿಕಲಿ ಎಗ್ಸಾಮಿನ್, ಎಲೂಸಿಡೇಟ್, ಸಬ್‌ಸ್ಟ್ಯಾನ್ಶಿಯೇಟ್ ಅಂತ ಇರುವುದನ್ನು ಓದಿ ಕನ್ನಡದಲ್ಲಿ ಯೋಚಿಸಬೇಕು. ಪದಕ್ಕೆ ಪದ ಹುಡುಕುವುದು ಬಿಟ್ಟು ನೇರವಾಗಿ ಕೆಲಸವನ್ನೇ ಬರೆದುಕೋ: "ಎರಡೂ ಮಗ್ಗುಲು, ಆಮೇಲೆ ನಿಲುವು", "ಉದಾಹರಣೆ ಕೊಟ್ಟು ಬಿಡಿಸು", "ಹೇಳಿಕೆಗೆ ಪುರಾವೆ". ಕೆಎಎಸ್‌ನಲ್ಲಿ ಎರಡೂ ಭಾಷೆ ಅಕ್ಕಪಕ್ಕ ಸಿಗುತ್ತದೆ. ಕನ್ನಡದ ವಾಕ್ಯ ಎಡವಟ್ಟಾಗಿ ಕಂಡರೆ ಇಂಗ್ಲಿಷಿನದ್ದನ್ನೂ ಓದು. 2024ರ ಆಗಸ್ಟ್‌ನ ಕೆಎಎಸ್ ಪ್ರಿಲಿಮ್ಸ್ (ಪೂರ್ವಭಾವಿ ಪರೀಕ್ಷೆ) ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್‌ನಲ್ಲಿ ಮತ್ತೆ ನಡೆಯಬೇಕಾಯಿತು ಅನ್ನುವುದು ಮರೆಯುವಂಥದ್ದಲ್ಲ.

ಸಮಯ ಎಲ್ಲಿಂದ ತರಲಿ ಅಂತೀಯ. ಯುಪಿಎಸ್‌ಸಿ ಸಾಮಾನ್ಯ ಅಧ್ಯಯನದ ಮೊದಲ ಮೂರು ಪತ್ರಿಕೆಗಳಲ್ಲಿ ತಲಾ ಮೂರು ಗಂಟೆಗೆ 20 ಪ್ರಶ್ನೆ: ಹತ್ತು ಅಂಕದವು ಹತ್ತು, ತಲಾ 150 ಪದ, ಹದಿನೈದು ಅಂಕದವು ಹತ್ತು, ತಲಾ 250 ಪದ. ಮೊದಲನೆಯವಕ್ಕೆ ಏಳೇಳು ನಿಮಿಷ, ಎರಡನೆಯವಕ್ಕೆ ಹತ್ತು ಹತ್ತು ಅಂದರೆ 170 ನಿಮಿಷ. ಉಳಿಯುವುದು ಹತ್ತೇ ನಿಮಿಷ. ಹಾಗಾಗಿ ಸುತ್ತು, ಗೆರೆ, ಚೌಕ ಎಲ್ಲ ಅರ್ಧ ನಿಮಿಷದಲ್ಲಿ ಮುಗಿಯಬೇಕು, ಅದಕ್ಕೇ ಮನೆಯಲ್ಲಿ ರೂಢಿಯಾಗಬೇಕು. ಪ್ರಬಂಧ ಪತ್ರಿಕೆ ಬೇರೆ ಲೋಕ. ಅಲ್ಲಿ ಎರಡು ಪ್ರಬಂಧ, ಒಂದೊಂದು 1000ದಿಂದ 1200 ಪದ, 125 ಅಂಕ. ವಿಷಯ ಒಂದೇ ಸಾಲಿನಲ್ಲಿರುತ್ತದೆ, ಮಾಡಬೇಕಾದ ಕೆಲಸ ಏನೆಂದು ಹೇಳುವ ಪದವೇ ಇರುವುದಿಲ್ಲ. ಆ ಸಾಲನ್ನು ನೀನೇ ಒಂದು ಪ್ರಶ್ನೆ ಮಾಡಿಕೊಂಡು ಶುರು ಮಾಡಬೇಕು, ಅದಕ್ಕೆ ಹದಿನೈದು ನಿಮಿಷ ಕೊಟ್ಟರೂ ನಷ್ಟವಿಲ್ಲ.

ರೂಢಿಗೆ ಪೂರ್ತಿ ಉತ್ತರ ಬರೆಯಬೇಕಿಲ್ಲ. ಹಳೆಯ ಪತ್ರಿಕೆಯಿಂದ ದಿನಕ್ಕೆ ಹತ್ತು ಪ್ರಶ್ನೆ ತಗೊಂಡು, ಪ್ರತಿಯೊಂದನ್ನೂ "ನಾನು ಇಂಥದ್ದನ್ನು ತೋರಿಸಬೇಕು" ಅಂತ ನಿನ್ನ ಮಾತಿನಲ್ಲಿ ಒಂದು ವಾಕ್ಯ ಮಾಡು, ಕೆಳಗೆ ಮೂರೋ ನಾಲ್ಕೋ ಅಂಶ ಬರೆ. ವಾಕ್ಯ ಆಗದಿದ್ದರೆ ಪ್ರಶ್ನೆ ಅರ್ಥವಾಗಿಲ್ಲ ಅಂತಲೇ ಲೆಕ್ಕ, ಉತ್ತರಕ್ಕೆ ಕೈ ಹಾಕಬೇಡ. ವಾರಕ್ಕೊಮ್ಮೆ ಪೂರ್ತಿ ಬರೆದ ಒಂದು ಉತ್ತರವನ್ನು ನಿನ್ನ ರೂಮ್‌ಮೇಟ್‌ಗೆ ಕೊಡು, ಪ್ರಶ್ನೆ ತೋರಿಸಬೇಡ. ಓದಿ ಪ್ರಶ್ನೆ ಏನಿರಬಹುದು ಅಂತ ಅವನು ಹೇಳಲಿ. "ದಿವಾನರ ಬಗ್ಗೆ ಏನೋ" ಅಂದರೆ ಮತ್ತೆ ಬರೆ.

ಸದ್ಯಕ್ಕೆ ಏಕೀಕರಣದ ಉತ್ತರವನ್ನೇ ಮೊದಲು ತಿದ್ದು, ಅದರಲ್ಲಿ ಸರಕು ಎಲ್ಲ ಇದೆ, ಜಾಗ ಬದಲಿಸಬೇಕು ಅಷ್ಟೆ. ಭಾನುವಾರದೊಳಗೆ ಕಳಿಸು. ಇನ್ನೂ ಒಂದು, ನೀರಾವರಿ ಪ್ರಶ್ನೆಯ ಉತ್ತರದಲ್ಲಿ ನಕ್ಷೆ ಬಿಡಿಸಿದ್ದೀಯಲ್ಲ, ಚೆನ್ನಾಗಿದೆ, ಆದರೆ ನದಿಯ ಹೆಸರು ಬರೆದಿಲ್ಲ.

ಇಂತಿ ನಿನ್ನ ಗೆಳೆಯ