ಮೂಲೆಮನೆಯವರಿಗೆ, ಸಲಿಕೆ ಲೆಕ್ಕದಲ್ಲಿ

ನ್ಯೂಯಾರ್ಕ್ ರಾಜ್ಯದ ಬಫಲೋ ಪಕ್ಕದ ಆರ್ಚರ್ಡ್ ಪಾರ್ಕಿನ ನಮ್ಮ ಬೀದಿಯ ಮೂಲೆಮನೆಯ ಅಣ್ಣ, ಅತ್ತಿಗೆ, ಇಬ್ಬರು ಮಕ್ಕಳು ಮತ್ತು ಊರಿಂದ ಬಂದಿರುವ ಅಜ್ಜಿಗೆ,

ಉಳಿದ ಮನೆಯವರ ಥ್ಯಾಂಕ್ಯೂ ಕಾರ್ಡು, ಕುಕ್ಕೀಸ್ ಡಬ್ಬಿ ಇಷ್ಟರಲ್ಲಿ ನಿಮ್ಮ ಕೈ ಸೇರಿರಬೇಕು. ಇದು ಬೀದಿಯ ಮೂರು ಕನ್ನಡ ಮನೆಗಳ ಪಾಲು. ಬರೀ ‘ತುಂಬಾ ಉಪಕಾರವಾಯ್ತು’ ಅಂದರೆ ‘ಅಯ್ಯೋ ಬಿಡಿ, ಅದೇನು ಮಹಾ’ ಅಂದುಬಿಡುತ್ತೀರಿ. ಅದಕ್ಕೇ ಆ ದೊಡ್ಡ ಹಿಮದಲ್ಲಿ ನೀವು ಮಾಡಿದ್ದೇನು ಅಂತ ಬಿಡಿಸಿ ಬರೆಯುತ್ತಿದ್ದೇವೆ. ಈ ಕಡೆಗೆ ಹೊಸದಾಗಿ ಬಂದು ಮೊದಲ ಸಲ ಸ್ನೋ ಸಲಿಕೆ ಹಿಡಿಯುವ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ, ಅವರಿಗೂ ಆದೀತು.

2022ರ ನವೆಂಬರ್ 17, ಗುರುವಾರ ಸಂಜೆ ಶುರುವಾದ ಹಿಮ ಭಾನುವಾರದವರೆಗೂ ಬಿಡಲಿಲ್ಲ. ಎರಿ ಸರೋವರ ಇನ್ನೂ ಹೆಪ್ಪುಗಟ್ಟಿರಲಿಲ್ಲ. ಕೆಳಗೆ ನೀರು ಬೆಚ್ಚಗೆ, ಮೇಲೆ ಕೊರೆಯುವ ಗಾಳಿ. ಆ ಗಾಳಿ ನೈಋತ್ಯದಿಂದ ಸರೋವರದ ಉದ್ದಕ್ಕೂ ತೇವ ಹೀರಿಕೊಂಡು ಬಂದು, ದಡ ಮುಟ್ಟಿದ್ದೇ ಕಿರಿದಾದ ಒಂದು ಪಟ್ಟಿಯಲ್ಲಿ ಇಳಿಸಿಬಿಟ್ಟಿತು. ಪಟ್ಟಿಯೊಳಗೆ ಸಿಕ್ಕಿಕೊಂಡ ಪಕ್ಕದೂರು ಹ್ಯಾಂಬರ್ಗ್ ಮತ್ತು ನಮ್ಮ ಆರ್ಚರ್ಡ್ ಪಾರ್ಕಿಗೆ 80 ಇಂಚಿನ ಆಸುಪಾಸು, ಅಂದರೆ ಆಳು ಮುಳುಗುವಷ್ಟು. ಕೆಲವೇ ಮೈಲಿ ಉತ್ತರಕ್ಕೆ ಅದರ ಸಣ್ಣ ಪಾಲು. ಭಾನುವಾರದ, ನಮ್ಮೂರಿನ ಫುಟ್‌ಬಾಲ್ ತಂಡ ಬಿಲ್ಸ್‌ನ ಮ್ಯಾಚು ಡೆಟ್ರಾಯ್ಟಿಗೆ ಹೋಯಿತು. ಆಟಗಾರರು ಏರ್‌ಪೋರ್ಟ್ ತಲುಪಲೂ ಅಕ್ಕಪಕ್ಕದವರೇ ಸಲಿಕೆ ಹಿಡಿಯಬೇಕಾಯಿತು.

ಹೊಸಬರಿಗೆ ಇದರ ತೂಕ ಅಂದಾಜಾಗುವುದಿಲ್ಲ. ಎರಡು ಕಾರಿನ ಡ್ರೈವ್‌ವೇ (ಗ್ಯಾರೇಜಿನಿಂದ ರಸ್ತೆಯವರೆಗಿನ ಕಾರಿನ ದಾರಿ), 18 ಅಡಿ ಅಗಲ, 40 ಅಡಿ ಉದ್ದ ಅಂದುಕೊಳ್ಳಿ. ಹತ್ತು ಇಂಚು ಹಿಮ ಕರಗಿದರೆ ಒಂದು ಇಂಚು ನೀರು ಅನ್ನುವ ಸಾಮಾನ್ಯ ಲೆಕ್ಕ ಹಿಡಿದರೆ, ಒಂದಡಿ ಹಿಮಕ್ಕೇ ಸುಮಾರು 2,000 ಕಿಲೋ. 80 ಇಂಚೆಂದರೆ ಆರೂವರೆ ಅಡಿಗೂ ತುಸು ಹೆಚ್ಚು, ಅದನ್ನು ಆರೂವರೆಯಿಂದ ಗುಣಿಸಿ. ಸರೋವರದ ಹಿಮ ಇದಕ್ಕಿಂತ ಹಗುರಾಗಿ ಬೀಳುವುದುಂಟು, ಆದರೆ ಎರಡು ದಿನ ಕೂತರೆ ತನ್ನ ಭಾರಕ್ಕೆ ತಾನೇ ಗಟ್ಟಿಯಾಗುತ್ತದೆ.

ಶುಕ್ರವಾರ ಬೆಳಗ್ಗೆ ಎಲ್ಲರೂ ತಂತಮ್ಮ ಡ್ರೈವ್‌ವೇ ನೋಡಿಕೊಂಡು ತಲೆ ಮೇಲೆ ಕೈ ಹೊತ್ತಿದ್ದಾಗ, ನೀವು ಡ್ರೈವ್‌ವೇ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆ ಪಕ್ಕದಲ್ಲಿ ಒಬ್ಬರು ನುಸುಳುವಷ್ಟು ದಾರಿ ತೋಡಿಕೊಂಡು ಮನೆಯಿಂದ ಮನೆಗೆ ಹೋದದ್ದು, ಮನೆ ಬೆಚ್ಚಗಿಡುವ ಗ್ಯಾಸ್ ಒಲೆ ಫರ್ನೇಸಿನ ಪೈಪ್ ಹುಡುಕಿಕೊಂಡು. ನಮ್ಮ ಬೀದಿಯ ಫರ್ನೇಸುಗಳೆಲ್ಲ ಪಕ್ಕದ ಗೋಡೆಯಿಂದ ಎರಡು ಬಿಳಿ ಪಿವಿಸಿ ಪೈಪಿನಲ್ಲಿ ಉಸಿರಾಡುವಂಥವು. ನೆಲದಿಂದ ಒಂದೆರಡು ಅಡಿ ಮೇಲಷ್ಟೇ ಇರುತ್ತವೆ. ಮುಚ್ಚಿಕೊಂಡರೆ ಒಳಗಿನ ಪ್ರೆಶರ್ ಸ್ವಿಚ್ ಫರ್ನೇಸನ್ನು ನಿಲ್ಲಿಸುತ್ತದೆ, ಮನೆ ತಣ್ಣಗಾಗುತ್ತದೆ. ಅದು ಒಳ್ಳೆಯ ಗತಿ. ಕೆಟ್ಟ ಗತಿಯೆಂದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಮನೆಯೊಳಕ್ಕೆ ತಿರುಗುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪೈಪಿನ ಸುತ್ತ ಮೂರಡಿ ಬಿಡಿಸಿದಿರಿ, ಹತ್ತಿರ ಬಂದಾಗ ಸಲಿಕೆ ಆಚೆಗಿಟ್ಟು ಕೈಯಲ್ಲಿ ಬಾಚಿದಿರಿ. ಚಳಿಯಲ್ಲಿ ಪಿವಿಸಿ ಬಿಸ್ಕತ್ತಿನಂತೆ ಮುರಿಯುತ್ತದೆ ಅಂತ ನಮಗೆ ಗೊತ್ತೇ ಇರಲಿಲ್ಲ. ಗ್ಯಾಸ್ ಮೀಟರಿಗೂ ಪೊರಕೆಯೇ ಹೊರತು ಸಲಿಕೆಯಲ್ಲ. ಸಂಜೆಗೆ ಪೈಪ್ ಮತ್ತೆ ಮುಚ್ಚಿಕೊಂಡಿರುತ್ತದೆ ಅಂತ ಇನ್ನೊಂದು ಸುತ್ತು ಬಂದಿರಿ. ಈ ಎರಡನೇ ಸುತ್ತಿಗೇ ನಮ್ಮ ದೊಡ್ಡ ನಮಸ್ಕಾರ.

ಆಮೇಲೆ ಬೆಂಕಿ ಆರಿಸುವವರು ನೀರು ಹಿಡಿಯುವ ಫೈರ್ ಹೈಡ್ರಂಟ್: ಸುತ್ತ ಮೂರಡಿ, ರಸ್ತೆಯವರೆಗೆ ಒಂದು ದಾರಿ. ಬೆಂಕಿ ಬಿದ್ದಾಗ ಅದನ್ನು ಹುಡುಕುತ್ತಾ ಕೂರುವ ಹೊತ್ತಲ್ಲ. ಕಾರಿನಲ್ಲೂ ಅದೇ ವಿಷಾನಿಲದ ಭಯ, ಸೈಲೆನ್ಸರ್ ಬಾಯಿ ಬಿಡಿಸುವವರೆಗೆ ಯಾರೂ ಇಂಜಿನ್ ಆನ್ ಮಾಡಬೇಡಿ ಅಂತ ಅತ್ತಿಗೆ ಪ್ರತಿ ಬಾಗಿಲಿಗೂ ಬಂದು ಹೇಳಿದರು. ಕಾರಲ್ಲಿ ಬೆಚ್ಚಗೆ ಕೂತು ಕಾಯೋಣ ಅಂದುಕೊಂಡವರು ನಮ್ಮಲ್ಲೂ ಇದ್ದರು.

ಡ್ರೈವ್‌ವೇ ಸರದಿ ಬಂದದ್ದು ಇಷ್ಟೆಲ್ಲ ಆದ ಮೇಲೆ. ಹಿಮ ನುಂಗಿ ದೂರ ಎಸೆಯುವ ಮಷೀನು ಸ್ನೋಬ್ಲೋವರಿನ ಬಾಯಿ 21 ಇಂಚು, ಎದುರಿಗೆ ನಿಂತದ್ದು ಎದೆ ಮೀರಿದ ಗೋಡೆ. ಹಾಗೇ ನುಗ್ಗಿಸಿದರೆ ಕೆಳಗೆ ಗುಹೆಯಾಗಿ ಮೇಲಿನದು ಮಷೀನಿನ ಮೇಲೇ ಕುಸಿಯುತ್ತದೆ. ಅಣ್ಣ ಮೇಲಿನ ಪದರವನ್ನು ಮೈಸೂರುಪಾಕಿನ ಹಾಗೆ ಬಿಲ್ಲೆ ಬಿಲ್ಲೆ ಕುಯ್ದು ಇಳಿಸುತ್ತಾ ಹೋದರು, ಮಷೀನು ಅಡಿಯದನ್ನು ನುಂಗಿತು. ಎಸೆಯಲು ಜಾಗವೇ ಉಳಿಯದಾಗ ಮಕ್ಕಳು ತಮ್ಮ ಪ್ಲಾಸ್ಟಿಕ್ ಸ್ಲೆಡ್ಡಿಗೆ ತುಂಬಿ ಹಿತ್ತಲಿಗೆ ಎಳೆದರು. ರಸ್ತೆಗೆ ಎಸೆಯುವುದು ನ್ಯೂಯಾರ್ಕ್ ರಾಜ್ಯದಲ್ಲಿ ಕಾನೂನಿಗೆ ವಿರುದ್ಧ, ಅದಕ್ಕೆ ಆ ಸ್ಲೆಡ್. ಮಷೀನಿನ ಗಂಟಲು ಕಟ್ಟಿಕೊಂಡಾಗ ಇಂಜಿನ್ ಆಫ್ ಮಾಡಿ, ಬ್ಲೇಡು ಪೂರ್ತಿ ನಿಲ್ಲುವವರೆಗೆ ಕಾದು, ಜತೆಗೆ ಬರುವ ಕೋಲಿನಿಂದ ತೆಗೆದಿರಿ. ಆಫ್ ಆಗಿದ್ದರೂ ಅಡಚಣೆ ಬಿಟ್ಟ ಕೂಡಲೇ ಬ್ಲೇಡು ಒಂದು ಸುತ್ತು ತಿರುಗಬಹುದು. ಬೆರಳು ಕಳಕೊಳ್ಳುವವರು ಕೈ ಹಾಕುವುದೇ ಆಗ.

ಅಜ್ಜಿಯ ವಿಷಯ ಬೇರೆಯಾಗಿಯೇ ಹೇಳಬೇಕು. ಹಿಮ ಸಲಿಕೆಗೆ ಅಂಟಿಕೊಂಡರೆ ಪ್ರತಿ ಸಲ ಅರ್ಧ ಭಾರ ಸುಮ್ಮನೆ ವಾಪಸ್ ಬರುತ್ತದೆ. ಅಂಗಡಿಯಲ್ಲಿ ಇದಕ್ಕೆ ಮೇಣ, ಸ್ಪ್ರೇ ಎಲ್ಲ ಸಿಗುತ್ತದೆ. ಅಜ್ಜಿ ಗ್ಯಾರೇಜಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಅರ್ಧ ಈರುಳ್ಳಿಯನ್ನು ಎಣ್ಣೆಗದ್ದಿ, ದೋಸೆ ಕಾವಲಿಗೆ ಸವರುವ ಹಾಗೇ ಒಂದೊಂದು ಸಲಿಕೆಗೂ ಸವರಿ ಕೊಟ್ಟರು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಮತ್ತೆ ಸವರಬೇಕು. ಆ ನೆಪದಲ್ಲಿ ಎಲ್ಲರಿಗೂ ವಿಶ್ರಾಂತಿ ಸಿಕ್ಕಿತು, ಅಜ್ಜಿಯ ಉದ್ದೇಶವೂ ಅದೇ ಇತ್ತೋ ಏನೋ.

ಆ ವಿಶ್ರಾಂತಿ ಎಷ್ಟು ದೊಡ್ಡದು ಅಂತ ಸಂಜೆಯ ಸುದ್ದಿ ಕೇಳಿದ ಮೇಲೆ ತಿಳಿಯಿತು. ಈ ಬಿರುಗಾಳಿಯಲ್ಲಿ ಎರಿ ಕೌಂಟಿ ಮುಖ್ಯಸ್ಥ ಮಾರ್ಕ್ ಪೊಲೊನ್‌ಕಾರ್ಜ್ ಮೊದಲು ಪ್ರಕಟಿಸಿದ ಎರಡು ಸಾವೂ ಹಿಮ ತೆಗೆಯುವ ಶ್ರಮಕ್ಕೆ ಹೃದಯ ಕೈಕೊಟ್ಟವು. ಚಳಿಗೆ ರಕ್ತನಾಳ ಬಿಗಿಯುತ್ತದೆ, ತೋಳಿನ ಕೆಲಸಕ್ಕೆ ರಕ್ತದೊತ್ತಡ ಏರುತ್ತದೆ, ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ಇನ್ನೂ ಏರುತ್ತದೆ. ಎದುರು ಮನೆಯ ಹಿರಿಯರ ಕೈಯಿಂದ ಸಲಿಕೆ ಇಸಕೊಂಡು ಅವರಿಗೆ ಪೊರಕೆ ಕೊಟ್ಟು ಮೀಟರ್ ಪಕ್ಕ ನಿಲ್ಲಿಸಿದ್ದು ಜಾಣತನ. ಬೇಡ ಅಂದಿದ್ದರೆ ಅವರು ಕೇಳುತ್ತಿರಲಿಲ್ಲ. ನಮಗೂ ಕಲಿಸಿದಿರಿ: ತಳ್ಳಲು ಆಗುವಷ್ಟು ತಳ್ಳು, ಎತ್ತಲೇಬೇಕಾದರೆ ಅರ್ಧ ಸಲಿಕೆ, ಮಂಡಿ ಮಡಚು, ಸೊಂಟ ತಿರುಚಿ ಎಸೆಯಬೇಡ, ಪಾದ ತಿರುಗಿಸು.

ರಸ್ತೆಯ ಹಿಮ ತಳ್ಳುವ ಪ್ಲೌ ಗಾಡಿ ಬಂದು ಹೋದ ಮೇಲೆ ಡ್ರೈವ್‌ವೇ ಬಾಯಿಗೆ ಗಟ್ಟಿ ಗೋಡೆ ಕಟ್ಟುತ್ತದೆ, ಅದನ್ನು ಕಂಡು ಅಳು ಬರುವುದು ಸಹಜ. ನಿಮ್ಮ ಉಪಾಯ ಈಗ ಇಡೀ ಬೀದಿಯದು. ಮನೆಗೆ ಬೆನ್ನು ಮಾಡಿ ರಸ್ತೆ ನೋಡಿ ನಿಂತರೆ ಎಡಕ್ಕೆ, ರಸ್ತೆಯಂಚಿನಲ್ಲಿ ಹತ್ತು ಅಡಿ ಖಾಲಿ ಜಾಗ ಮಾಡುವುದು. ಪ್ಲೌ ಎಡದಿಂದ ಬರುವಾಗ ತನ್ನ ಹೊರೆಯನ್ನು ಅಲ್ಲೇ ಸುರಿದು, ಡ್ರೈವ್‌ವೇಗೆ ಬರುವಷ್ಟರಲ್ಲಿ ಹಗುರಾಗಿರುತ್ತದೆ. ತೆಗೆದ ಹಿಮವೆಲ್ಲ ಬಲಕ್ಕೆ. (ನಮ್ಮ ದೇಶದ ಟ್ರಾಫಿಕ್ಕಿಗಾದರೆ ತಿರುಗಾಮುರುಗಾ ಆಗಬೇಕು, ಮನಾಲಿಯವರು ನೆನಪಿಡಲಿ.) ಆ ರಾಶಿಯಲ್ಲಿ ಸುರಂಗ ತೋಡಲು ಹೊರಟ ಚಿಳ್ಳೆಪಿಳ್ಳೆಗಳನ್ನು ನಿಮ್ಮ ಮಗಳೇ ಗದರಿಸಿ ಎಬ್ಬಿಸಿದಳು. ಪ್ಲೌ ಡ್ರೈವರಿಗೆ ಒಳಗೆ ಮಗು ಇರುವುದು ಕಾಣುವುದಿಲ್ಲ.

ಉಪ್ಪಿನ ವಿಷಯದಲ್ಲಿ ನಾವು ಮಾಡಿದ್ದೆಲ್ಲ ತಪ್ಪು, ಮೂಟೆಗಟ್ಟಲೆ ಸುರಿದಿದ್ದೆವು. ಮೊದಲು ಕೆರೆದು ತೆಗೆದು, ಆಮೇಲೆ ಫುಟ್‌ಪಾತಿನ ಹತ್ತು ಚೌಕಕ್ಕೆ ಒಂದು ಕಾಫಿ ಮಗ್ ಸಾಕು. ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕಲ್ಲುಪ್ಪು ಹೆಚ್ಚೇನೂ ಕೆಲಸ ಮಾಡುವುದಿಲ್ಲ. ಆಗ ಕ್ಯಾಲ್ಸಿಯಂ ಕ್ಲೋರೈಡ್, ಇಲ್ಲವೇ ಜಾರದಿರಲು ಮರಳು.

ಕೊನೆಯದಾಗಿ, ಛಾವಣಿಯ ಹಿಮ ಎಳೆಯುವ ನಿಮ್ಮ ರೂಫ್ ರೇಕ್ ನಮ್ಮ ಗ್ಯಾರೇಜಿನಲ್ಲೇ ಇದೆ, ಈ ವಾರ ತಂದುಕೊಡುತ್ತೇವೆ. ನಮ್ಮ ಡ್ರೈವ್‌ವೇಯಲ್ಲಿ ಹೂತಿದ್ದ ನ್ಯೂಸ್‌ಪೇಪರ್ ಸುರುಳಿ ನಿಮ್ಮ ಮಷೀನಿಗೆ ಸಿಕ್ಕಿ ಎರಡು ಶಿಯರ್ ಪಿನ್ (ತಾನು ಮುರಿದು ಮಷೀನು ಉಳಿಸುವ ಪಿನ್) ಮುರಿದವು. ಅದೇ ಮಾಡೆಲಿನದು ನಾಲ್ಕು ತಂದು ಅಜ್ಜಿಯ ಕೈಗೆ ಕೊಟ್ಟಿದ್ದೇವೆ. ಮಾಮೂಲಿ ಬೋಲ್ಟ್ ತರಲಿಲ್ಲ, ಅದು ಮುರಿಯದೆ ಗೇರ್‌ಬಾಕ್ಸನ್ನೇ ಮುರಿಯುತ್ತದೆ ಅಂತ ನೀವೇ ಹೇಳಿದ್ದಿರಿ.

ಇಂತಿ,
ಬೀದಿಯ ಮೂರು ಮನೆಯವರು