ಮಕ್ಕಳ ಕಳ್ಳರ ವದಂತಿ ಮತ್ತು ನಿಜವಾದ ಅಪಾಯ

ಮಾನ್ಯರೇ,

ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಸಂದೇಶಗಳು ಆಗಾಗ ಮರುಕಳಿಸುತ್ತಲೇ ಇರುತ್ತವೆ. 2018ರಲ್ಲಿ ಇಂಥದೇ ವದಂತಿಯಿಂದ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಗುಂಪಿನ ಹೊಡೆತಕ್ಕೆ ಬಲಿಯಾದರು. ಬೀದರ್‌ಗೆ ಬಂದಿದ್ದ ಆ ಎಂಜಿನಿಯರ್ ಮತ್ತವರ ಸ್ನೇಹಿತರ ಗುಂಪು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಸಾಕಾಗಿತ್ತು. ಬೈಕಿನಲ್ಲಿ ಬಂದವರು ಮಗುವನ್ನು ಅಪಹರಿಸುವಂತೆ ಕಾಣುವ, ಅಂದು ಹರಿದಾಡಿದ ವಿಡಿಯೊ ಕರಾಚಿಯಲ್ಲಿ ಜಾಗೃತಿಗಾಗಿ ಚಿತ್ರೀಕರಿಸಿದ್ದಾಗಿದ್ದು, ಮಗುವನ್ನು ಮರಳಿಸಿ ಫಲಕ ತೋರಿಸುವ ಕೊನೆಯ ಭಾಗವನ್ನೇ ಕತ್ತರಿಸಲಾಗಿತ್ತು.

ಪೋಷಕರ ಆತಂಕ ಸಹಜವೇ. ಆದರೆ ಕಣ್ಣಿಗೆ ಕಟ್ಟುವ ವಿಡಿಯೊ ವಿರಳ ಅಪಾಯವನ್ನು ಹಿರಿದಾಗಿಸಿ, ದಿನನಿತ್ಯದ ಅಪಾಯವನ್ನು ಮರೆಸುತ್ತದೆ. ನೀರಿನಲ್ಲಿ ಮುಳುಗುವುದು ಪುಟ್ಟ ಮಕ್ಕಳ ಸಾವಿನ ಪ್ರಮುಖ ಕಾರಣಗಳಲ್ಲೊಂದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದ್ದರೂ, ನಮ್ಮ ಅದೆಷ್ಟೋ ಕೃಷಿ ಹೊಂಡಗಳಿಗೆ ಬೇಲಿಯಿಲ್ಲ. ಪ್ಲಾಸ್ಟಿಕ್ ಹಾಸಿದ ಜಾರು ಅಂಚಿನಲ್ಲಿ ಕಾಲು ತಪ್ಪಿದ ಮಗುವಿಗೆ ಹಿಡಿಯಲು ಹಗ್ಗವೂ ಇರುವುದಿಲ್ಲ. ಬೈಕಿನಲ್ಲಿ ಒಯ್ಯುವ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್, ಸುರಕ್ಷತಾ ಪಟ್ಟಿ ಕಡ್ಡಾಯಗೊಳಿಸಿದ ನಿಯಮ 2023ರಿಂದಲೇ ಜಾರಿಯಲ್ಲಿದೆ, ಪಾಲನೆ ಮಾತ್ರ ಕಾಣದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಡಿಯ ಪ್ರಕರಣಗಳ ಬಹುಪಾಲು ಆರೋಪಿಗಳು ಮಗುವಿಗೆ ಪರಿಚಿತರೇ ಆಗಿರುವಾಗ, ಅಪರಿಚಿತರ ಭಯವೊಂದನ್ನೇ ಕಲಿಸಿದರೆ ಸಾಲದು.

ಹೊಂಡಗಳ ಸಹಾಯಧನವನ್ನು ಬೇಲಿ ನಿರ್ಮಾಣದ ಪರಿಶೀಲನೆಯ ನಂತರವೇ ಪೂರ್ಣವಾಗಿ ಬಿಡುಗಡೆ ಮಾಡುವಂತೆ ಕೃಷಿ ಇಲಾಖೆಯನ್ನು ಒತ್ತಾಯಿಸುತ್ತೇನೆ.

– ಓರ್ವ ಪೋಷಕ