ಟಿವಿ ಹಾಕಿಟ್ಟರೆ ಕನ್ನಡ ಬಾರದು

ಮಾನ್ಯ ಸಂಪಾದಕರೇ,

ಸಂಜೆ ಕನ್ನಡ ಚಾನೆಲ್ ಹಾಕಿಟ್ಟರೆ ಮಕ್ಕಳಿಗೆ ಭಾಷೆ ತಾನಾಗಿ ಬರುತ್ತದೆ ಎಂಬ ನಂಬಿಕೆ ಮುಂಬಯಿಯ ಅನೇಕ ಕನ್ನಡ ಮನೆಗಳಲ್ಲಿದೆ. ಬರುವುದಿಲ್ಲ. ಸೀರಿಯಲ್ಲಿನ ಅಳು, ಸಿಟ್ಟು ನೋಡಿಯೇ ಮಗುವಿಗೆ ಕಥೆ ತಿಳಿಯುತ್ತದೆ. ಮಾತಿನ ಗೊಡವೆ ಬೇಕಾಗುವುದಿಲ್ಲ. ಶಿಶುಗಳ ಭಾಷಾ ಕಲಿಕೆಯನ್ನು ಅಭ್ಯಸಿಸುವ ಅಮೆರಿಕದ ವಿಜ್ಞಾನಿ ಪೆಟ್ರೀಷಿಯಾ ಕೂಲ್ ಅವರ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎದುರಿಗೆ ಕುಳಿತವರು 12 ಸಲ ಚೀನೀ ಭಾಷೆಯಲ್ಲಿ ಓದಿ, ಆಡಿಸಿದಾಗ ಒಂಬತ್ತು ತಿಂಗಳ ಶಿಶುಗಳು ಆ ಭಾಷೆಯ ಧ್ವನಿಭೇದ ಹಿಡಿದವು. ಅದನ್ನೇ ಟಿವಿಯಲ್ಲಿ ನೋಡಿದ ಶಿಶುಗಳು ಕಲಿಯಲಿಲ್ಲ.

ಟಿವಿಯ ಬದಲು ಮಗುವಿಗೆ ಕಥೆಪುಸ್ತಕದಿಂದ 'ಅಜ್ಜಿ ಬಾವಿಯ ಬಳಿ ನಿಂತಿದ್ದಳು' ಎಂದು ಓದಿ ನೋಡಿ. ಬಾವಿಯನ್ನೇ ಕಾಣದ ಡೊಂಬಿವಲಿಯ ಮಗು ಕೇಳುತ್ತದೆ: ಎಷ್ಟು ಆಳ? ನೀರು ಕಾಣುತ್ತದಾ? ಬಗ್ಗಿದರೆ ಅಜ್ಜಿ ಬೀಳ್ತಾಳಾ? ಕೇಳುತ್ತಲೇ ತಲೆಯೊಳಗೆ ಬಾವಿ ತೋಡುತ್ತದೆ. ಟಿವಿಯಲ್ಲಿ ಬಾವಿ ಸಿದ್ಧವಾಗಿಯೇ ಬಂದು, ಮೂರು ಸೆಕೆಂಡಿಗೆ ಹೋಗಿಬಿಡುತ್ತದೆ. 'ಬಂದು, ಕೈಕಾಲು ತೊಳೆದು, ಉಣ್ಣಲು ಕುಳಿತಳು' ಎಂಬಂಥ ಹೆಣೆದ ವಾಕ್ಯ ಅಲ್ಲಿ ಯಾರೂ ಆಡುವುದಿಲ್ಲ, ಮಾಡಿ ತೋರಿಸುತ್ತಾರೆ.

ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷದ ಓದು ಸಾಕು. ಟಿವಿ ಪೂರ್ತಿ ಆಫ್ ಆಗಿರಲಿ. ಪಕ್ಕದ ಕೋಣೆಯ ಸದ್ದೂ ಗಮನ ಕದಿಯುತ್ತದೆ. ಪುಟಕ್ಕೆ ಎರಡು ಮೂರು ಸಾಲಿನ ಒಂದೇ ಪುಸ್ತಕವನ್ನು ನಾಲ್ಕು ದಿನ ಓದಿ. ಮೊದಲ ದಿನ ಸಾಲಿನ ಕೆಳಗೆ ಬೆರಳು ಸರಿಸುತ್ತ ಓದಿದರಾಯಿತು. ಮರುದಿನ ಪುಟ ತಿರುವುವ ಮುಂಚೆ 'ಮುಂದೇನಾಗಬಹುದು?' ಎಂದು ಕೇಳಿ, ಮನಸ್ಸಿನಲ್ಲೇ ಐದು ಎಣಿಸಿ. ಹೆಚ್ಚಿನವರು ತಪ್ಪುವುದು ಇಲ್ಲೇ, ಉತ್ತರವನ್ನು ತಾವೇ ಹೇಳಿಬಿಡುತ್ತಾರೆ. ಮೂರನೆಯ ದಿನ ಚಿತ್ರ ಮುಚ್ಚಿ ಓದಿ, ನಾಲ್ಕನೆಯ ದಿನ ಮಗುವೇ ಕಥೆ ಹೇಳಲಿ. ನಡುವೆ ಹಿಂದಿ ಶಬ್ದ ಬಂದರೆ ತಡೆಯಬೇಡಿ. ಅದೇ ವಾಕ್ಯವನ್ನು ಕನ್ನಡದಲ್ಲಿ ಒಮ್ಮೆ ಹೇಳಿ ಮುಂದೆ ಸಾಗಿ.

ಶಾಲೆಯಲ್ಲಿ ಮರಾಠಿ ಓದುವ ಮಕ್ಕಳಿಗೆ ಅಕ್ಷರಮಾಲೆಯ ಕ್ರಮ ಗೊತ್ತೇ ಇರುತ್ತದೆ. ಎಡವುವುದು ಎ–ಏ, ಒ–ಓಗಳಲ್ಲಿ, ಮರಾಠಿ ಬರಹದಲ್ಲಿ ಈ ಹ್ರಸ್ವ–ದೀರ್ಘ ಭೇದವಿಲ್ಲವಲ್ಲ. ಬೆಳೆ–ಬೇಳೆ, ಕೊಡು–ಕೋಡು ಜೋಡಿಗಳನ್ನು ಬಾಯಲ್ಲಿ ಆಡಿಸಿ, ಆಮೇಲೆ ಬರೆಸಿ. ಒತ್ತಕ್ಷರಕ್ಕೆ ಅವಸರ ಬೇಡ.

ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತ. ಕೆಲವು ಮರಾಠಿಯಲ್ಲೂ ಇವೆ. ಆದರೂ ಕೈಯಲ್ಲಿ ಹಿಡಿಯುವ ಪುಸ್ತಕವೇ ಬೇಕು. ನಗರದ ಕನ್ನಡ ಸಂಘಗಳು ತಮ್ಮ ಗ್ರಂಥಾಲಯದ ಕಪಾಟುಗಳ ಕೆಳಗಿನ ಎರಡು ಹಲಗೆಗಳನ್ನು, ಮಗುವಿನ ಕೈಗೆಟುಕುವಷ್ಟು ಎತ್ತರದಲ್ಲಿ, ಮಕ್ಕಳ ಪುಸ್ತಕಗಳಿಗೇ ಬಿಟ್ಟು ಭಾನುವಾರ ಬಾಗಿಲು ತೆರೆಯಲಿ ಎಂದು ಕೋರುತ್ತೇವೆ.

– ಮಕ್ಕಳ ಕನ್ನಡ ಕಲಿಕಾ ವರ್ಗದ ಶಿಕ್ಷಕಿಯರು, ಡೊಂಬಿವಲಿ